ಗೋದಾಮಿನ ಮರೆ

ಫೆಬ್ರವರಿ 9

ಮಾನ್ಯ ಗಾಳಿ ಎಂಜಿನಿಯರ್ ಅವರಿಗೆ,

ನಿನ್ನ ಕಾಗದ ಬಂತು. ಅಮ್ಮ ಹೋದಮೇಲೆ ನಿನ್ನಿಂದ ಬಂದ ಮೊದಲನೆಯದು. ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡಿತು. ಯಾರಿಗೆ ಏನಾಯಿತೋ ಎಂದು ಟಿಕೆಟ್ ಕಿಟಕಿ ಮುಚ್ಚಿ ಕೂತು ಓದಿದೆ. ನೋಡಿದರೆ ನನ್ನ ಆರೋಗ್ಯಕ್ಕೆ ಒಂದು ಸಾಲು, ನನ್ನ ಸ್ಕೇಟಿಂಗ್ ಹಾಲಿನ ಶಟರಿಗೆ ಒಂದೂವರೆ ಪುಟ! ಶಟರ್ ಎಷ್ಟು ಅಗಲ, ಯಾವ ದಿಕ್ಕಿಗೆ ಮುಖ, ಪಟ್ಟಿಗಳು ಎಷ್ಟು ದಪ್ಪ, ಅವು ಏರಿಳಿಯುವ ಎರಡೂ ಪಕ್ಕದ ಚಾನೆಲ್ಲಿನೊಳಗೆ ಎಷ್ಟು ಕೂತಿವೆ, ಎದುರಿನ ಗೋದಾಮು ಇನ್ನೂ ಇದೆಯೇ. ಮೊಣಕಾಲು ನೋವು ಹೇಗಿದೆ ಅಂತ ಕೇಳಿದ್ದರೆ ಎರಡು ಪುಟ ನಾನೇ ಸಂತೋಷವಾಗಿ ಬರೆಯುತ್ತಿದ್ದೆ.

ಸರಿ, ತಮಾಷೆ ಸಾಕು. ಇದನ್ನೆಲ್ಲ ನಿನ್ನ ಕೈಲಿ ಕೇಳಿಸುತ್ತಿರುವವರು ಯಾರು?

ಯಾಕೆ ಕೇಳುತ್ತೇನೆಂದರೆ, ಈ ಹಾಲನ್ನು ಕಂಡರೆ ನಿನಗೆ ಮೊದಲಿನಿಂದಲೂ ಆಗದು. ಸ್ಕೇಟಿಂಗ್ ಹಾಲ್ ನಡೆಸುವುದು ಒಂದು ಕೆಲಸವೇ ಎಂದವಳು ನೀನು. ನಿನ್ನ ಭಾವ ಬಿಸಿಲಲ್ಲಿ ಕೂತು ಒಂದೊಂದು ಕಂಬಿಯನ್ನೂ ತಾವೇ ವೆಲ್ಡ್ ಮಾಡಿ ಸೂರು ಎಬ್ಬಿಸಿದಾಗ ನೀನು ನೋಡಲೂ ಬರಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ, ಅಮ್ಮನನ್ನು ಇನ್ನೂ ಹೊರಗೆ ತಂದಿರಲಿಲ್ಲ, ಆಗ ಎಲ್ಲರ ಎದುರು ಹೇಳಿದೆಯಲ್ಲ, "ಆ ಹಾಲಿನ ಧೂಳು ಕುಡಿದೇ ಅಮ್ಮ ಹೋದಳು" ಅಂತ. ಅಮ್ಮ ಆ ಟಿಕೆಟ್ ಕಿಟಕಿಯಲ್ಲಿ ಕೂತು ಮಕ್ಕಳ ಗಲಾಟೆ ಕೇಳುತ್ತಾ ನಗುತ್ತಿದ್ದುದನ್ನು ನೀನು ನೋಡಿರಲಿಲ್ಲ. ನಾನು ನೋಡಿದ್ದೆ.

ಇನ್ನೊಂದು ವಿಷಯ. ಇಲ್ಲೊಬ್ಬ ಮನುಷ್ಯ ಬಂದು ಹೋಗಿ ಮಾಡುತ್ತಿದ್ದಾನೆ. ಎದುರಿನ ಹಳೇ ಗೋದಾಮನ್ನು ಕೊಂಡು ಕೆಡವಿ ಹಾಕಿದವನು ಅವನೇ. ಈಗ ನನ್ನ ಹಾಲಿನ ಮೇಲೂ ಕಣ್ಣು. ಬೈದರೂ ನಗುತ್ತಾನೆ, ಬಾಗಿಲು ಹಾಕಿದರೂ ನಗುತ್ತಾನೆ, ಹಾಗಾಗಿ ನಾನು ಹಲ್ಲುಗಿಂಜಪ್ಪ ಎಂದು ಹೆಸರಿಟ್ಟಿದ್ದೇನೆ. ಅವನು ಬರಲು ಶುರುಮಾಡಿದ ತಿಂಗಳಲ್ಲೇ ನಿನ್ನ ಕಾಗದವೂ ಬಂದಿತು ನೋಡು. ಎಂಥ ಕಾಕತಾಳೀಯ!

ಶಟರ್ ಅಗಲವಾಗಿದೆ. ಅಷ್ಟು ಸಾಕು ನಿನಗೆ.

ಫೋನ್ ಮಾಡಬೇಡ. ಫೋನಿನಲ್ಲಿ ಆಡಿದ್ದನ್ನು ಆಮೇಲೆ ಆಡಿಲ್ಲ ಎನ್ನಬಹುದು. ಹೇಳುವುದಿದ್ದರೆ ಬರೆ.

ಅಕ್ಕ

*

ಫೆಬ್ರವರಿ 22

ಪ್ರೀತಿಯ ಅಕ್ಕ,

ಬೈಗುಳ ತಲುಪಿತು. ಮೊಣಕಾಲು ಹೇಗಿದೆ?

ನನ್ನನ್ನು ಯಾರೂ ಕಳಿಸಿಲ್ಲ. ಹಲ್ಲುಗಿಂಜಪ್ಪ ಯಾರೆಂದು ಈ ಕಾಗದದಿಂದಲೇ ನನಗೆ ಗೊತ್ತಾದದ್ದು. ನನ್ನ ಕೆಲಸ ಏನೆಂದು ನೀನು ಯಾವತ್ತೂ ಕೇಳಿಲ್ಲ, ಕೇಳಿದವರಿಗೆ "ನನ್ನ ತಂಗಿ ಗಾಳಿ ತೂಗ್ತಾಳೆ" ಅನ್ನುತ್ತೀಯಂತೆ. ಭಾವ ಹೇಳಿದರು. ಅದೂ ತಪ್ಪೇನಲ್ಲ. ಬಿರುಗಾಳಿ ಎಷ್ಟು ಜೋರಾಗಿ ಬರಬಹುದು, ಬಂದರೆ ಯಾವ ಕಟ್ಟಡ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕುವುದು ನಮ್ಮ ಆಫೀಸಿನ ಕೆಲಸ. ಈ ವರ್ಷ ನಿಮ್ಮ ಊರಿನ ಸರದಿ.

ನಿಮ್ಮ ಬೀದಿ ಪೂರ್ತಿ ಈಗ ನನ್ನ ಮೇಜಿನ ಮೇಲಿದೆ. ಮರದಲ್ಲಿ ಕೆತ್ತಿದ ಪುಟಾಣಿ ಬೀದಿ. ನಿನ್ನ ಹಾಲು ಒಂದು ಸೋಪಿನ ಡಬ್ಬಿಯಷ್ಟಿದೆ. ಅದರ ಸೂರಿಗೆ ಸೂಜಿಯಲ್ಲಿ ಚುಚ್ಚಿದಂಥ ತೂತುಗಳನ್ನು ಕೊರೆದು, ಒಂದೊಂದಕ್ಕೂ ಕೆಳಗಿನಿಂದ ಸಣ್ಣ ಕೊಳವೆ ಜೋಡಿಸಿದ್ದೇವೆ. ಉದ್ದನೆಯ ಕೋಣೆಯಲ್ಲಿ ಅದನ್ನಿಟ್ಟು ಫ್ಯಾನಿನಿಂದ ಗಾಳಿ ಬಿಟ್ಟರೆ, ಸೂರಿನ ಯಾವ ಜಾಗವನ್ನು ಗಾಳಿ ಎಷ್ಟು ಎಳೆಯುತ್ತದೆ ಎಂಬುದು ಆ ಕೊಳವೆಗಳಲ್ಲಿ ತಿಳಿಯುತ್ತದೆ.

ಎಳೆಯುತ್ತದೆ ಎಂದೆ, ಗಮನಿಸು. ಗಾಳಿ ತಗಡಿನ ಸೂರನ್ನು ಕೆಳಕ್ಕೆ ಒತ್ತುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಅದು ಮೇಲಕ್ಕೆ ಎಳೆಯುತ್ತದೆ. ನಿನ್ನ ಹಾಲು ಮುಚ್ಚಿಕೊಂಡಿರುವವರೆಗೂ ಆ ಎಳೆತವನ್ನು ಹೇಗೋ ತಡೆಯಬಹುದು. ಆದರೆ ಗಾಳಿಗೆ ಮುಖ ಮಾಡಿರುವ ಶಟರ್ ಒಳಕ್ಕೆ ಕಿತ್ತು ಬಂತು ಅಂದುಕೋ. ಗಾಳಿ ಒಳಗೆ ನುಗ್ಗಿ ಒಳಗಿನಿಂದಲೂ ಸೂರನ್ನು ನೂಕುತ್ತದೆ. ಮೇಲಿನಿಂದ ಎಳೆತ, ಕೆಳಗಿನಿಂದ ನೂಕು. ಕೊಡೆ ಉಲ್ಟಾ ಆಗುತ್ತದಲ್ಲ, ಹಾಗೆ. ಅದಕ್ಕೇ ಶಟರ್ ಬಗ್ಗೆ ಅಷ್ಟೊಂದು ಕೇಳಿದ್ದು.

ವರದಿ ಹೊರಬರುವ ಮುಂಚೆ ಮಾಲೀಕರಿಗೆ ಏನೂ ಹೇಳಬಾರದು ಎಂಬ ನಿಯಮವಿದೆ. ಇದನ್ನು ತಂಗಿಯಾಗಿ ಬರೆಯುತ್ತಿದ್ದೇನೆ. ಬಿರುಗಾಳಿ ಬಂದಾಗಲೆಲ್ಲ ಬೀದಿಯವರನ್ನೆಲ್ಲ ನೀನು ಹಾಲಿಗೆ ಕರೆಯುತ್ತೀಯ ಎಂದು ನನಗೆ ಗೊತ್ತು. ಅಷ್ಟು ದೊಡ್ಡ ಸೂರು ಆ ಬೀದಿಯಲ್ಲಿ ಇನ್ನೊಂದಿಲ್ಲ. ಅದೇ ನನ್ನ ಭಯ.

ದಯವಿಟ್ಟು ಅಳತೆ ಕಳಿಸು.

ನಿನ್ನ ತಂಗಿ

*

ಮಾರ್ಚ್ 6

ತಂಗಮ್ಮನವರೇ,

"ಭಾವ ಹೇಳಿದರು." ಯಾವಾಗ ಹೇಳಿದರು? ಎಲ್ಲಿ ಹೇಳಿದರು?

ನಿನ್ನ ಕೊಳವೆ, ಫ್ಯಾನು, ಉಲ್ಟಾ ಕೊಡೆ ಎಲ್ಲ ಓದಿದೆ. ಚೆನ್ನಾಗಿ ಬರೆಯುತ್ತೀಯ. ಆದರೆ ನನ್ನ ಕಣ್ಣು ಆ ಎರಡು ಪದಗಳ ಮೇಲೇ ಕೂತಿತು. ನನ್ನ ಗಂಡ ನಿನ್ನ ಹತ್ತಿರ ಮಾತಾಡುತ್ತಾರೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಮೊದಲೇ ಅವರು ಗುಮ್ಮನಗುಸಕ. ಮೊನ್ನೆ ಮಧ್ಯಾಹ್ನ ಊಟದಿಂದ ಎದ್ದವರು ವಾಪಸ್ ಬರಲೇ ಇಲ್ಲ. ಹೋಗಿ ನೋಡಿದರೆ ಟೇಪು ಹಿಡಿದು ಶಟರ್ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ.

"ಏನ್ರೀ ಮಾಡ್ತಿದ್ದೀರಿ?"

"ಪೇಂಟ್ ಮಾಡಿಸೋಣ ಅಂತ."

"ಪೇಂಟಿಗೆ ಯಾರಾದ್ರೂ ಪಟ್ಟಿ ದಪ್ಪ ಅಳೀತಾರಾ?"

"ಎರಡು ಕೋಟ್ ಹೊಡೀಬೇಕಲ್ಲ," ಅಂದರು. ಮುಖ ನೋಡಿದರೆ ಮಗು ಕೂಡ ಹಿಡಿದುಬಿಡುತ್ತಿತ್ತು. ಆ ಮನುಷ್ಯನಿಗೆ ಸುಳ್ಳು ಹೇಳಲೂ ಬರುವುದಿಲ್ಲ, ನಿನ್ನ ಜೊತೆ ಸೇರಿ ಕಲಿಯುತ್ತಿದ್ದಾರೆ.

ಅಲ್ಲಿಗೆ ಮುಗಿಯಲಿಲ್ಲ. ಶನಿವಾರ ಹಲ್ಲುಗಿಂಜಪ್ಪ ಬಂದ. ಮಕ್ಕಳು ಸ್ಕೇಟ್ ಮಾಡುವುದನ್ನು ಕೈಕಟ್ಟಿ ನೋಡುತ್ತಾ ನಿಂತು, "ಮೇಡಂ, ಊರಿನ ಕಟ್ಟಡಗಳ ಪಟ್ಟಿ ಬರ್ತಾ ಇದೆ. ನಿಮ್ದು ಅಪಾಯ ಅಂತ ಕೆಂಪು ಬಣ್ಣದಲ್ಲಿ ಬಂದ್ರೆ ಆಮೇಲೆ ಕೇಳೋರೇ ಇರಲ್ಲ. ಈಗ್ಲೇ ಒಂದು ಮಾತಿಗೆ ಬಂದ್ಬಿಡಿ," ಅಂದ. ನೀನು ನಿಯಮವಿದೆ, ಗುಟ್ಟು ಎಂದು ಬರೆದದ್ದು ಅವನ ಬಾಯಲ್ಲಿ ಹೇಗೆ ಬಂತು? ಯೋಚಿಸಿದರೆ ಎಲ್ಲ ಸರಿಯಾಗಿಯೇ ಹೊಂದುತ್ತದೆ. ನೀನು ಕೆಂಪು ಬಣ್ಣ ಬಳಿಯುವುದು, ಅವನು ಬಂದು ಬಾಚಿಕೊಳ್ಳುವುದು.

ನಿನ್ನ ಸಮಾಧಾನಕ್ಕೆ ಹೇಳುತ್ತೇನೆ ಕೇಳು. ಈ ಹಾಲು ಕಟ್ಟಿದ ಮೇಲೆ ಎಷ್ಟು ಬಿರುಗಾಳಿ ಬಂದು ಹೋಗಿವೆ! ಒಂದು ತಗಡೂ ಅಲುಗಾಡಿಲ್ಲ. ಗಾಳಿ ಜೋರಾದಾಗ ಅಮ್ಮ ಮಾಡುತ್ತಿದ್ದ ಹಾಗೇ ನಾನೂ ಶಟರನ್ನು ಸೊಂಟದವರೆಗೆ ಎತ್ತಿಡುತ್ತೇನೆ. ಬಂದ ಗಾಳಿ ಹೋಗಲು ದಾರಿ ಬೇಡವೇ? ಅದೂ ಅಲ್ಲದೆ ಐವತ್ತು ವರ್ಷಕ್ಕೊಮ್ಮೆ ಬರುವ ದೊಡ್ಡ ಗಾಳಿ ನಾನು ಕಾಲೇಜಿಗೆ ಹೋಗುತ್ತಿದ್ದಾಗಲೇ ಬಂದು ಹೋಯಿತು. ಮುಂದಿನದಕ್ಕೆ ಇನ್ನೂ ಬೇಕಾದಷ್ಟು ಸಮಯವಿದೆ.

ಅಳತೆ ನಿನ್ನ ಭಾವನೇ ಕಳಿಸಿರುತ್ತಾರಲ್ಲ, ಮತ್ತೆ ನನ್ನನ್ನೇಕೆ ಕೇಳುತ್ತೀಯ?

ಅಕ್ಕ

*

ಮಾರ್ಚ್ 20

ಅಕ್ಕ,

ಹೌದು, ಭಾವನ ಜೊತೆ ಮಾತಾಡುತ್ತೇನೆ. ತಿಂಗಳಿಗೊಮ್ಮೆಯೋ ಏನೋ ಅವರೇ ಫೋನ್ ಮಾಡುತ್ತಾರೆ. "ನಿಮ್ಮಕ್ಕ ಚೆನ್ನಾಗಿದ್ದಾಳೆ, ಸುಮ್ಮನೆ ಫೋನ್ ಮಾಡಿದೆ" ಅಂತ ಹೇಳಿ ಇಟ್ಟುಬಿಡುತ್ತಾರೆ. ಅಷ್ಟೇ ನಮ್ಮ ಒಳಸಂಚು. ಶಟರಿನ ಅಳತೆ ಕಳಿಸಿದ್ದೂ ಅವರೇ. ಅವರ ಮೇಲೆ ಹರಿಹಾಯಬೇಡ.

ಊರಿನ ಪಟ್ಟಿಯ ವಿಷಯ ಪತ್ರಿಕೆಯಲ್ಲೇ ಬಂದಿತ್ತು. ಯಾವ ಕಟ್ಟಡಕ್ಕೆ ಯಾವ ಬಣ್ಣ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅವನು ಸುಮ್ಮನೆ ನಿನ್ನ ತಲೆಗೆ ಹುಳ ಬಿಟ್ಟಿದ್ದಾನೆ.

ಈಗ ನೀನು ಹೇಳಿದ್ದಕ್ಕೆ ಬರುತ್ತೇನೆ. ಐವತ್ತು ವರ್ಷದ ಗಾಳಿ ಎಂದರೆ ಐವತ್ತು ವರ್ಷ ಮುಗಿದ ಮೇಲೆ ಬಂದು ಬಾಗಿಲು ತಟ್ಟುವ ನೆಂಟನಲ್ಲ ಅಕ್ಕ. ಪ್ರತಿ ವರ್ಷವೂ ಬರುವ ಸಾಧ್ಯತೆ ಅಷ್ಟಷ್ಟೇ ಇರುತ್ತದೆ. ಹೋದ ವರ್ಷ ಬಂದಿದ್ದರೂ ಈ ವರ್ಷ ಬರಬಹುದು. ಗಾಳಿ ಕ್ಯಾಲೆಂಡರ್ ನೋಡುವುದಿಲ್ಲ. ಇನ್ನು ಶಟರ್ ಎತ್ತಿಡುವುದು. ಕೈಮುಗಿಯುತ್ತೇನೆ, ಅದೊಂದನ್ನು ಬಿಡು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಲು ನಿನ್ನ ಹಾಲಿನ ಹಿಂಬದಿಯಲ್ಲಿ ಬಾಗಿಲೆಲ್ಲಿದೆ? ಬಂದ ಗಾಳಿಗೆ ಅಲ್ಲಿರುವುದು ಒಂದೇ ದಾರಿ, ಅದು ಸೂರು.

"ಒಂದು ತಗಡೂ ಅಲುಗಾಡಿಲ್ಲ" ಎಂದಿದ್ದೀಯ. ಕಳೆದ ವಾರ ಇಲ್ಲಿ ಮೊದಲು ಎದುರಿನ ಗೋದಾಮನ್ನೂ ಇಟ್ಟು ಗಾಳಿ ಬಿಟ್ಟೆವು. ನಿನ್ನ ಹಾಲು ಆರಾಮಾಗಿತ್ತು. ಆಮೇಲೆ ಗೋದಾಮಿನ ಮರದ ತುಂಡನ್ನು ಚಿಮಟದಲ್ಲಿ ಎತ್ತಿ ಪಕ್ಕಕ್ಕಿಟ್ಟು, ಅದೇ ಗಾಳಿಯನ್ನು ಮತ್ತೆ ಬಿಟ್ಟೆವು. ಶಟರಿನ ಮೇಲೆ ಬಿದ್ದ ಒತ್ತಡ ನೋಡಿ ಯಂತ್ರವೇ ಕೆಟ್ಟಿದೆ ಅಂದುಕೊಂಡೆ. ಇನ್ನೊಮ್ಮೆ ಮಾಡಿದೆ. ಯಂತ್ರ ಸರಿಯಾಗಿಯೇ ಇತ್ತು. ಇಷ್ಟು ವರ್ಷ ನಿಮ್ಮನ್ನು ಕಾಪಾಡಿದ್ದು ನಿನ್ನ ಹಾಲಿನ ಗಟ್ಟಿತನವಲ್ಲ, ಎದುರಿನ ಗೋದಾಮಿನ ಮರೆ. ಕಡಲಿನಿಂದ ಬರುವ ಗಾಳಿಗೆ ಅದು ಎದೆಕೊಟ್ಟು ನಿಂತಿತ್ತು. ಈಗ ಅಲ್ಲಿ ಬಯಲು.

ಶಟರಿನ ಹಿಂದೆ ದಪ್ಪನೆಯ ಅಡ್ಡಕಂಬಿಗಳನ್ನು ಹಾಕಿಸಿದರೆ ಹೆಚ್ಚುಕಡಿಮೆ ಸಾಧಾರಣ ಬಿರುಗಾಳಿಗೆ ತಡೆಯಬಹುದು. ದೊಡ್ಡದಕ್ಕೆ ಹೇಳಲಾರೆ. ಸೂರಿನ ಸ್ಕ್ರೂಗಳು ಹಳೆಯವು. ಈ ವರ್ಷ ಮಾತ್ರ ಯಾರನ್ನೂ ಹಾಲಿಗೆ ಕರೆಯಬೇಡ ಅಂತ ನನ್ನ ಮನಸ್ಸು ಹೇಳುತ್ತಿದೆ.

ತಂಗಿ

*

ಏಪ್ರಿಲ್ 15

ತಂಗೀ,

ಒಂದು ತಿಂಗಳಾಗುತ್ತ ಬಂತು, ಕಾಗದಕ್ಕೆ ಉತ್ತರ ಬರೆಯಲು ಕೈ ಬರಲಿಲ್ಲ. ಈಗ ಬರೆಯುತ್ತಿದ್ದೇನೆ, ಯಾಕೆಂದರೆ ತಲೆಯಲ್ಲಿ ಒಂದೇ ವಿಷಯ ತಿರುಗಿ ತಿರುಗಿ ನಿದ್ದೆ ಕೆಟ್ಟಿದೆ.

ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡು. ಹಲ್ಲುಗಿಂಜಪ್ಪ ಗೋದಾಮು ಕೆಡವುತ್ತಾನೆ. ಗೋದಾಮು ಹೋದದ್ದರಿಂದ ನನ್ನ ಹಾಲು ಗಟ್ಟಿಯಿಲ್ಲ ಎಂದು ನೀನು ಬರೆಯುತ್ತೀಯ. ಗಟ್ಟಿಯಿಲ್ಲ ಎಂದು ಗೊತ್ತಾದರೆ ಮಕ್ಕಳನ್ನು ಯಾರೂ ಕಳಿಸುವುದಿಲ್ಲ. ಆಗ ಅವನು ಹಲ್ಲು ಕಿರಿದುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಅವನು ಗಾಳಿಯನ್ನೇ ನನ್ನ ಮೇಲೆ ಛೂ ಬಿಟ್ಟಿದ್ದಾನೆ, ಹಗ್ಗ ಹಿಡಿದವಳು ನೀನು. ತಪ್ಪಾಗಿ ತಿಳಿದಿದ್ದರೆ ತಪ್ಪು ಅಂತ ತೋರಿಸು.

ನಿನ್ನ ಭಾವ ಅಡ್ಡಕಂಬಿ ಹಾಕಿದರು. ಹಾಕಲು ನಾನು ಒಪ್ಪಿದ್ದು ನೀನು ಹೇಳಿದ್ದಕ್ಕಲ್ಲ, ಕಳ್ಳರ ಕಾಟಕ್ಕೆ. ಅವರ ಫೋನನ್ನು ನನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದೇನೆ. ಒಳಸಂಚಿಗೆ ಫೋನು ಬೇರೆ ಕೇಡು!

ನೀನು ಚಿಕ್ಕವಳಿದ್ದಾಗಲೂ ಹೀಗೇ. ಓದಿ ಆಯ್ತೇನೇ ಅಂದರೆ "ಹೆಚ್ಚುಕಡಿಮೆ". ಹಲ್ಲುಜ್ಜಿದೆಯೇನೇ ಅಂದರೆ "ಹೆಚ್ಚುಕಡಿಮೆ". ಅಮ್ಮ ನಿನ್ನನ್ನು ಕೂಗುತ್ತಿದ್ದುದೇ "ಏ ಹೆಚ್ಚುಕಡಿಮೆ, ಬಾ ಇಲ್ಲಿ" ಎಂದು. ಒಂದು ದಿನವೂ ಒಂದು ಮಾತನ್ನು ಪೂರ್ತಿ ಹೇಳಿದವಳಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ. ಈಗಲೂ ನೋಡು, "ತಡೆಯಬಹುದು", "ಹೇಳಲಾರೆ", "ನನ್ನ ಮನಸ್ಸು ಹೇಳುತ್ತಿದೆ".

ಅದಕ್ಕೇ ನೇರವಾಗಿ ಕೇಳುತ್ತಿದ್ದೇನೆ. ನೀನು ನನ್ನ ಕಡೆಯವಳೋ ಅವನ ಕಡೆಯವಳೋ? ನನ್ನ ಕಡೆಯವಳಾದರೆ ಒಂದು ಸಾಲು ಬರೆದು ಕೊಡು. ನನ್ನ ಹಾಲು ನಿಲ್ಲುತ್ತದೆ ಎಂದು ನಿನ್ನ ಕೈಯಾರೆ ಬರೆದು ಸಹಿ ಹಾಕು. ಇಲ್ಲವಾದರೆ ಇನ್ನು ಬರೆಯಬೇಡ. ಅಕ್ಕ ಒಬ್ಬಳಿದ್ದಳು ಎಂಬುದನ್ನು ಮರೆತುಬಿಡು. ನಾನು ಆ ವರಾಂಡದ ಮಾತನ್ನೇ ನುಂಗಿಕೊಂಡು ಬದುಕಿದ್ದೇನೆ, ಇದನ್ನೂ ನುಂಗುತ್ತೇನೆ.

ಅಕ್ಕ

*

ಏಪ್ರಿಲ್ 27

ಪ್ರೀತಿಯ ಅಕ್ಕ,

ಕಂಬಿ ಹಾಕಿಸಿದ್ದು ತುಂಬ ಒಳ್ಳೆಯದಾಯಿತು. ಎಲ್ಲವನ್ನೂ ಮತ್ತೊಮ್ಮೆ ನೋಡಿದೆ. ನಿನ್ನ ಹಾಲು ಖಂಡಿತ ನಿಲ್ಲುತ್ತದೆ. ಏನೂ ಯೋಚಿಸಬೇಡ.

ನಾನು ಯಾವಾಗಲೂ ನಿನ್ನ ಕಡೆಯವಳೇ.

ನಿನ್ನ ಪ್ರೀತಿಯ ತಂಗಿ

*

ಮೇ 8

ನನ್ನ ಮುದ್ದಿನ ತಂಗಿಗೆ,

ಈ ಕಾಗದವನ್ನು ಎಷ್ಟು ಸಲ ಓದಿದೆನೋ. ನಿನ್ನ ಭಾವನಿಗೂ ಓದಿ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು "ಹೂಂ" ಅಂದರು, ಅಷ್ಟೇ. ಅವರಿಂದ ಅಷ್ಟು ಬಂದರೆ ಹಬ್ಬ. ಫೋನ್ ವಾಪಸ್ ಕೊಡಲು ಹೋದರೆ ಬೇಡವಂತೆ, ಇಲ್ಲದೆಯೇ ಹಾಯಾಗಿದೆಯಂತೆ. ಡ್ರಾಯರಿನಲ್ಲೇ ಬಿದ್ದಿದೆ.

ಹಲ್ಲುಗಿಂಜಪ್ಪ ಬಂದಾಗ ಕಾಗದವನ್ನು ಅವನ ಮೂಗಿನ ಮುಂದೆ ಹಿಡಿದೆ. "ಓದಿ ಸ್ವಾಮಿ, ಇದು ಗಾಳಿ ಎಂಜಿನಿಯರ್ ಕೈಬರಹ," ಅಂದೆ. ಓದಿದ. ಮೊದಲ ಸಲ ಅವನ ಹಲ್ಲು ಒಳಗೆ ಹೋಯಿತು. ಆ ಮುಖ ನೀನು ನೋಡಬೇಕಿತ್ತು!

ಅಷ್ಟಕ್ಕೇ ಬಿಡಲಿಲ್ಲ ನಾನು. ಕಾಗದದ ಜೆರಾಕ್ಸ್ ಮಾಡಿಸಿ ಟಿಕೆಟ್ ಕಿಟಕಿಯ ಗಾಜಿಗೆ ಅಂಟಿಸಿದ್ದೇನೆ. ಬೀದಿಯವರೆಲ್ಲ ಬಂದು ಓದಿ ಹೋಗುತ್ತಾರೆ. ಗೋದಾಮು ಹೋದಮೇಲೆ ಅವರಿಗೂ ಒಳಗೊಳಗೇ ಅಳುಕಿತ್ತು, ನನ್ನ ಮುಂದೆ ಹೇಳುತ್ತಿರಲಿಲ್ಲ. ಈಗ ದರ್ಜಿ ಅಜ್ಜಿ ಕೂಡ "ಗಾಳಿ ಬಂದ್ರೆ ಈ ಸಲಾನೂ ನಿಮ್ಮಲ್ಲೇ ನಮ್ಮ ಠಿಕಾಣಿ" ಅಂದಳು. ಕುಡಿಯುವ ನೀರಿಗೆ ದೊಡ್ಡ ಡ್ರಮ್ ತಂದಿಟ್ಟಿದ್ದೇನೆ.

ಫೋನಿಗೆ ಮಾತ್ರ ಇನ್ನೂ ಸ್ವಲ್ಪ ಸಮಯ ಕೊಡು. ನಿನ್ನ ದನಿ ಕೇಳಿದರೆ ಆ ದಿನ ಕಣ್ಣಮುಂದೆ ಬರುತ್ತದೆ. ಕಾಗದದಲ್ಲಿ ನೀನು ಒಳ್ಳೆಯವಳು.

ನಿನ್ನ ಅಕ್ಕ

*

ಮೇ 16

ಅಕ್ಕ,

ಆ ಕಾಗದ ಹರಿದು ಹಾಕು. ಇದನ್ನು ಓದಿದ ಕೂಡಲೇ, ಉಳಿದ ಸಾಲು ಓದುವುದಕ್ಕೂ ಮುಂಚೆ, ಎದ್ದು ಹೋಗಿ ಗಾಜಿನಿಂದ ಕಿತ್ತು ಹಾಕು.

ನಾನು ಬರೆದದ್ದು ಸುಳ್ಳು. ಮತ್ತೊಮ್ಮೆ ಏನೂ ನೋಡಲಿಲ್ಲ. ನೋಡುವಂಥದ್ದು ಏನೂ ಉಳಿದಿರಲಿಲ್ಲ. ನಿನ್ನ ಹಾಲು ದೊಡ್ಡ ಗಾಳಿಗೆ ನಿಲ್ಲುವುದಿಲ್ಲ. ಕಂಬಿ ಹಾಕಿದ್ದರೂ ಅಷ್ಟೇ, ಪಟ್ಟಿಗಳು ಪಕ್ಕದ ಚಾನೆಲ್ಲಿನಿಂದ ಕಳಚಿಕೊಳ್ಳುತ್ತವೆ. ಶಟರ್ ಹೋದರೆ ಸೂರು ಹೋಗುತ್ತದೆ. ಇನ್ನು ಬರೆಯಬೇಡ ಎಂದು ನೀನು ಬರೆದದ್ದನ್ನು ಓದಿದೆ. ಅಮ್ಮನೂ ಇಲ್ಲ, ನೀನೂ ಇಲ್ಲ ಎಂದಾದರೆ ನನ್ನವರೆಂದು ಇನ್ನು ಯಾರಿದ್ದಾರೆ ಅನಿಸಿತು. ಈ ವರ್ಷವೇ ದೊಡ್ಡ ಗಾಳಿ ಬರುವ ಸಾಧ್ಯತೆ ಕಡಿಮೆ, ಅಷ್ಟರೊಳಗೆ ಮೆಲ್ಲಗೆ ಒಪ್ಪಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡು ಬರೆದುಬಿಟ್ಟೆ. ನೀನು ಅದನ್ನು ಗಾಜಿಗೆ ಅಂಟಿಸುತ್ತೀಯ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಈಗ ನನ್ನ ಸಹಿ ನೋಡಿ ಬೀದಿಯವರೆಲ್ಲ ಆ ಸೂರಿನ ಕೆಳಗೆ ಬಂದು ಕೂರುತ್ತಾರೆ.

ನಿನ್ನೆ ಹಾಲಿಗೆ ಫೋನ್ ಮಾಡಿದೆ. "ಅಕ್ಕಾ" ಅಂದದ್ದೇ ತಡ, ನೀನು ಇಟ್ಟುಬಿಟ್ಟೆ. ಮತ್ತೆ ಮಾಡಿದರೆ ಎತ್ತಲಿಲ್ಲ. ಭಾವನ ಫೋನು ನಿನ್ನ ಡ್ರಾಯರಿನಲ್ಲಿ ಬಾಯಿ ಮುಚ್ಚಿಕೊಂಡಿದೆ. ಆಫೀಸಿನಲ್ಲಿ ಎಲ್ಲ ಹೇಳಿ ರಜ ಕೇಳಿದ್ದೇನೆ. ಮುಂದಿನ ವಾರ ನಾನೇ ಹೊರಟು ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೂ ಸರಿ, ಹೊರಗೆ ನಿಂತು ಕೂಗಿ ಹೇಳುತ್ತೇನೆ.

ನನ್ನನ್ನು ಬೈ. ಹೊಡೆ. ಆ ಹಾಲಿಗೆ ಮಾತ್ರ ಯಾರನ್ನೂ ಬಿಡಬೇಡ.

ತಂಗಿ

*

ಮೇ 26

ತಂಗೀ,

ನಾವೆಲ್ಲ ಕ್ಷೇಮ ಎಂಬ ಸಂದೇಶವನ್ನು ನಿನ್ನ ಭಾವ ಪೊಲೀಸ್ ಠಾಣೆಯಿಂದ ಕಳಿಸಿದ್ದರಲ್ಲ, ನಿನಗೆ ಮುಟ್ಟಿರಬೇಕು. ಮುಟ್ಟುವವರೆಗೆ ನೀನು ಹೇಗಿದ್ದೆಯೋ. ಹಳಿಗಳ ಮೇಲೆ ಬಿದ್ದ ಮರಗಳನ್ನು ತೆಗೆದು ರೈಲು ಬಿಡಲು ಇನ್ನೂ ಒಂದು ವಾರ ಹಿಡಿಯುತ್ತದಂತೆ. ಟಪಾಲಿನ ವ್ಯಾನು ಮಾತ್ರ ಇವತ್ತು ಮೊದಲ ಸಲ ಬಂತು. ಅದರಲ್ಲೇ ಇದನ್ನು ಕಳಿಸುತ್ತೇನೆ.

ಹಾಲು ಇಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ, ಆಮೇಲೆ ಬರೆಯುವುದು ಸುಲಭ.

ಗಾಳಿ ಉತ್ತರಕ್ಕೆ ಹೋಗುತ್ತದೆ ಎಂದು ರೇಡಿಯೋದಲ್ಲಿ ಹೇಳಿದ್ದರು. ಆ ದಿನ ಬೆಳಿಗ್ಗೆ ನೋಡಿದರೆ ನಮ್ಮ ಕಡೆಗೇ ತಿರುಗಿತ್ತು. ಮಧ್ಯಾಹ್ನದ ಹೊತ್ತಿಗೆ ಬೀದಿಯವರೆಲ್ಲ ಗಂಟುಮೂಟೆ ಹೊತ್ತು ಹಾಲಿನ ಮುಂದೆ ಬಂದು ನಿಂತರು. ದರ್ಜಿ ಅಜ್ಜಿ ಹೊಲಿಗೆ ಮೆಷಿನ್ನನ್ನೇ ಕೈಗಾಡಿಯಲ್ಲಿ ಹಾಕಿಕೊಂಡು ಬಂದಿದ್ದಳು. ನಾನು ಟಿಕೆಟ್ ಕಿಟಕಿಯ ಪಕ್ಕದಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಡಬೇಕು, ಅಷ್ಟರಲ್ಲಿ ಅಜ್ಜಿ ನಿಂತುಬಿಟ್ಟಳು.

"ಕನ್ನಡಕ ಮನೇಲಿ ಉಳೀತು ಕಣಮ್ಮ. ನಿನ್ನ ತಂಗಿ ಬರೆದಿರೋದನ್ನ ಒಂದ್ಸಲ ಓದಿ ಹೇಳು, ಕೇಳಿದ್ರೆ ಧೈರ್ಯ ಬರುತ್ತೆ," ಅಂದಳು.

ಓದಿದೆ. ಇಷ್ಟು ದಿನ ಮನಸ್ಸಿನಲ್ಲೇ ಓದಿಕೊಂಡಿದ್ದೆ, ಜೋರಾಗಿ ಓದಿದ್ದು ಅದೇ ಮೊದಲು. "ನಿನ್ನ ಹಾಲು ಖಂಡಿತ" ಎನ್ನುವವರೆಗೆ ಬಂದೆ. ನಾಲಿಗೆ ಅಲ್ಲೇ ನಿಂತಿತು. ಈ ಮಾತನ್ನು ನಿನ್ನ ಬಾಯಲ್ಲಿ ಹೇಗೆ ಕೇಳಿಸಿಕೊಳ್ಳುವುದು ಎಂದು ನೋಡಿದೆ, ಆಗಲಿಲ್ಲ. ಹುಟ್ಟಿದಾಗಿನಿಂದ ನೀನು ಒಂದು ಸಲವಾದರೂ ಖಂಡಿತ ಅಂದಿದ್ದೀಯಾ? ಹಲ್ಲುಜ್ಜಿದ್ದನ್ನೇ ಖಂಡಿತವಾಗಿ ಹೇಳದವಳು ಗಾಳಿಯ ವಿಷಯ ಹೇಳುತ್ತೀಯಾ? ಹಿಂದಿನ ದಿನಗಳಲ್ಲಿ ನೀನು ಫೋನ್ ಮಾಡಿದ್ದು, ನಾನು ಇಟ್ಟದ್ದು ನೆನಪಾಯಿತು. ಕಾಗದದಲ್ಲಿ ರಾಜಿಯಾದವಳು, ಫೋನ್ ಬೇಡ ಅಂದರೂ, ಯಾಕೆ ಮತ್ತೆ ಮತ್ತೆ ಫೋನ್ ಮಾಡುತ್ತಾಳೆ?

"ಯಾರೂ ಒಳಗೆ ಬರಬೇಡಿ," ಅಂದೆ.

ಅಬ್ಬಬ್ಬಾ, ಎಂಥ ಗಲಾಟೆ! "ನಿಮಗೇನು ತಲೆ ಕೆಟ್ಟಿದ್ಯಾ? ನಿಮ್ಮ ತಂಗೀನೇ ಬರೆದಿದ್ದಾಳಲ್ಲ, ಖಂಡಿತ ಅಂತ!" ಎಂದು ಒಬ್ಬರ ಮೇಲೊಬ್ಬರು ಬಿದ್ದರು.

"ಅದಕ್ಕೇ ಹೇಳ್ತಿರೋದು!" ಎಂದು ನಾನೂ ಕೂಗಿದೆ. "ನನ್ನ ತಂಗಿ ಖಂಡಿತ ಅನ್ನೋಳಲ್ಲ. ಅವಳು ಸುಳ್ಳು ಬರೆದಿದ್ದಾಳೆ. ನಡೀರಿ, ನಡೀರಿ ಎಲ್ಲ ಇಲ್ಲಿಂದ!"

ನಿನ್ನನ್ನು ಬೀದಿಯವರ ಎದುರು ಸುಳ್ಳಿ ಅಂದುಬಿಟ್ಟೆ. ಕೆಲವರು ನನಗೆ ಶಾಪ ಹಾಕಿದರು. ನಿನ್ನ ಭಾವ ಶಟರ್ ಇಳಿಸಿ ಒಳಗಿನಿಂದ ಕಂಬಿಗಳನ್ನು ಸಿಕ್ಕಿಸಿ, ಟಿಕೆಟ್ ಕಿಟಕಿಯ ಪಕ್ಕದ ಚಿಕ್ಕ ಬಾಗಿಲಿನಿಂದ ಹೊರಬಂದು ಬೀಗ ಹಾಕಿ, ಅಜ್ಜಿಯ ಕೈಗಾಡಿಯನ್ನು ತಾವೇ ತಳ್ಳಿಕೊಂಡು ಪಕ್ಕದ ಬೀದಿಯ ಗ್ರಂಥಾಲಯದ ಕಡೆಗೆ ಹೊರಟರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ನಡೆದರು. ಗ್ರಂಥಾಲಯದ್ದು ಗಟ್ಟಿ ಕಾಂಕ್ರೀಟ್ ತಾರಸಿ, ಕಿಟಕಿಗಳು ಚಿಕ್ಕವು. ಅಲ್ಲಿಯ ಮೇಡಂ ಬೀಗ ತೆಗೆದು, ಪುಸ್ತಕದ ಬೀರುಗಳ ನಡುವೆ ನಮ್ಮನ್ನೆಲ್ಲ ಕೂರಿಸಿದರು. ಹೊರಗೆ ಲೋಕವೇ ಕಿತ್ತುಹೋಗುವಂಥ ಸದ್ದು, ಒಳಗೆ ಮಗುವೊಂದು ಅತ್ತರೆ ಆಯಮ್ಮ ಅಭ್ಯಾಸಬಲದಿಂದ "ಶ್!" ಅನ್ನುತ್ತಿದ್ದರು. ಆ ಭಯದಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಹಲ್ಲುಗಿಂಜಪ್ಪನೂ ಅಲ್ಲೇ ಇದ್ದ, ಹೆಂಡತಿಯನ್ನು ಅಪ್ಪಿಕೊಂಡು ಕೂತಿದ್ದ. ನನ್ನನ್ನು ಕಂಡು ನಗಲಿಲ್ಲ. ನಾನೂ ಬೈಯಲಿಲ್ಲ.

ಕತ್ತಲಾಗುವ ಮುಂಚೆಯೇ ಗಾಳಿ ನಿಂತಿತು. ಹೋಗಿ ನೋಡಿದೆವು. ಶಟರಿನ ಪಟ್ಟಿಗಳು ಚಾನೆಲ್ಲಿನಿಂದ ಕಳಚಿ, ಕಂಬಿಗಳ ಸಂದಿಯಿಂದ ನುಗ್ಗಿ ಹಾಲಿನ ನಡುವೆ ಮುದ್ದೆಯಾಗಿ ಬಿದ್ದಿದ್ದವು. ಮೇಲೆ ನೋಡಿದರೆ ಆಕಾಶ. ತಗಡುಗಳು ಶಾಲೆಯ ಮೈದಾನದಲ್ಲಿ ಸಿಕ್ಕಿದವು, ಕೆಲವು ಇನ್ನೂ ಸಿಕ್ಕಿಲ್ಲ. ಸೂರಿನ ಎರಡು ದೊಡ್ಡ ತೊಲೆಗಳು ಕೆಳಗೆ ಬಿದ್ದಿದ್ದವು, ನಾವೆಲ್ಲ ಯಾವಾಗಲೂ ಜಮಖಾನ ಹಾಸುತ್ತಿದ್ದ ಜಾಗದಲ್ಲಿ. ನಿನ್ನ ಭಾವ ಹಾಕಿದ ಅಡ್ಡಕಂಬಿಗಳು ಮಾತ್ರ ಹಾಗೇ ನಿಂತಿದ್ದವು. "ವೆಲ್ಡಿಂಗ್ ಹಿಡಿದಿದೆ ನೋಡು," ಅಂದರು ಅವರು. ಆಮೇಲೆ ಅಲ್ಲೇ ಕೂತು ಅತ್ತರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಒಬ್ಬರಿಗೂ ಏನೂ ಆಗಲಿಲ್ಲ. ಬೀದಿಯವರು ಈಗ ನನ್ನ ಕೈ ಹಿಡಿದುಕೊಂಡು ಏನೇನೋ ಹೇಳುತ್ತಾರೆ. ನನಗೆ ಕೇಳಿಸಿಕೊಳ್ಳಲು ಆಗುವುದಿಲ್ಲ. ನಿನ್ನನ್ನು ನಂಬಿದ್ದರೆ ಅವರನ್ನೆಲ್ಲ ಕೊಂದುಬಿಡುತ್ತಿದ್ದೆ. ಹಾಗೆ ಬರೆಸಿಕೊಂಡವಳೂ ನಾನೇ.

ಇವತ್ತಿನ ವ್ಯಾನಿನಲ್ಲಿ ನಿನ್ನದೊಂದು ಕಾಗದ ಬಂದಿದೆ. ಲಕೋಟೆ ಒದ್ದೆಯಾಗಿ ಒಣಗಿದೆ, ಅಂಚೆಯ ಮುದ್ರೆ ಗಾಳಿಗಿಂತ ಮುಂಚಿನದು. ಬೆಳಿಗ್ಗೆಯಿಂದ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ. ಒಡೆದಿಲ್ಲ. ಅದರಲ್ಲಿ ನೀನು ನಿಜ ಬರೆದಿದ್ದರೆ, ನಾನು ಫೋನ್ ಇಟ್ಟುಬಿಟ್ಟದ್ದಕ್ಕೆ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು. ಮತ್ತೆ ಖಂಡಿತ ಎಂದೇ ಬರೆದಿದ್ದರೆ, ಬದುಕಿರುವವರೆಗೂ ನಿನ್ನನ್ನು ಕ್ಷಮಿಸಲು ನನ್ನಿಂದಾಗದು. ಒಬ್ಬಳೇ ಕೂತು ಅದನ್ನು ತಿಳಿದುಕೊಳ್ಳುವ ಧೈರ್ಯ ನನಗಿಲ್ಲ.

ಅದನ್ನು ಇದರ ಜೊತೆಗೇ ವಾಪಸ್ ಕಳಿಸುತ್ತಿದ್ದೇನೆ. ರೈಲು ಶುರುವಾದ ದಿನವೇ ಹೊರಡು. ಬರುವಾಗ ಅದನ್ನು ತಗೊಂಡು ಬಾ, ನನ್ನೆದುರು ಕೂತು ನೀನೇ ಒಡೆದು ಓದು. ನಾನು ಕಾಗದ ನೋಡುವುದಿಲ್ಲ, ನಿನ್ನ ಮುಖ ನೋಡುತ್ತಿರುತ್ತೇನೆ.

ಅಕ್ಕ